ಮಲ್ಲವೃತ್ತಿ: ದುರ್ಗದ ಸೀಮೆಯಿಂದ ನೋಡಿದ ಇತಿಹಾಸ

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಟ ಹೆದ್ದಾರಿಯು ಹಿರಿಯೂರನ್ನು ದಾಟಿ, ಚಿತ್ರದುರ್ಗದ ಹೆಬ್ಬಂಡೆಗಳ ಸಾಲನ್ನು ಸೇರುವುದಕ್ಕೆ ಮುನ್ನ ಐಮಂಗಲವೆಂಬ ಹೋಬಳಿಯ ಊರಿನ ಮಗ್ಗುಲಲ್ಲಿ ಹಾಯುತ್ತದೆ. ಮಳೆಯ ಕೃಪೆ ಸ್ವಲ್ಪವೇ ಇರುವ, ರಾಗಿ ಶೇಂಗಾಗಳನ್ನು ನಂಬಿ ಬದುಕುವ ಬಯಲುಸೀಮೆಯ ಈ ಊರಿನ ಹೆಸರನ್ನು ನಾಡಿನ ಇತರ ಭಾಗಗಳ ಜನರು ಇಂದು ಕೇಳಿರುವುದು ಬಹುಮಟ್ಟಿಗೆ ಅಲ್ಲಿನ ಪೊಲೀಸ್ ತರಬೇತಿ ಶಾಲೆಯ ಕಾರಣದಿಂದ. ಊರೂರುಗಳ ತರುಣರು ಅಲ್ಲಿಗೆ ಬಂದು, ಮೈಯನ್ನು ಹುರಿಗೊಳಿಸಿಕೊಂಡು, ಆ ದೇಹಬಲವನ್ನೇ ಜೀವನೋಪಾಯಕ್ಕೆ ಆಧಾರವಾಗಿಸಿಕೊಂಡು ಹೊರಡುತ್ತಾರೆ. ದೇಹವನ್ನು ಸಾಧನೆಗೆ ಒಪ್ಪಿಸಿ, ಆ ಸಾಧನೆಯಿಂದ ಅನ್ನವನ್ನೂ ಮರ್ಯಾದೆಯನ್ನೂ ಪಡೆಯುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ಸರ್ಕಾರದ ಸಮವಸ್ತ್ರ ಬರುವುದಕ್ಕೆ ಶತಮಾನಗಳಷ್ಟು ಹಿಂದೆಯೇ ಅದು ಕೆಮ್ಮಣ್ಣಿನ ಗರಡಿಯಲ್ಲಿ ಲಂಗೋಟಿಯನ್ನುಟ್ಟು ನಿಂತಿತ್ತು. ಆ ವೃತ್ತಿಯ, ಅಂದರೆ ಜಟ್ಟಿಯೆಂದೂ ಮಲ್ಲನೆಂದೂ ಪೈಲ್ವಾನನೆಂದೂ ಕಾಲಕಾಲಕ್ಕೆ ಕರೆಯಿಸಿಕೊಂಡವನ ಬಾಳಿನ, ಪೂರ್ವೋತ್ತರವನ್ನು ಐಮಂಗಲದ ದಾರಿಯಲ್ಲಿ ನಿಂತು ನೋಡುವುದಕ್ಕೆ ಕಾರಣ ಉಂಟು.

ಚಿತ್ರದುರ್ಗದ ಸ್ಥಳಪುರಾಣವೇ ಒಂದು ಮಲ್ಲಯುದ್ಧದಿಂದ ಆರಂಭವಾಗುತ್ತದೆ. ಪಾಂಡವರ ವನವಾಸದ ಕಾಲದಲ್ಲಿ ಹಿಡಿಂಬನೆಂಬ ರಕ್ಕಸನು ಈ ಬೆಟ್ಟದಲ್ಲಿ ವಾಸಿಸುತ್ತಿದ್ದನೆಂದೂ, ಭೀಮಸೇನನು ಬರಿಗೈಯ ಕಾಳಗದಲ್ಲಿ ಅವನನ್ನು ಕೆಡವಿ ಕೊಂದನೆಂದೂ ದುರ್ಗದವರು ನಂಬುತ್ತಾರೆ. ಕೋಟೆಯೊಳಗಿನ ಹಿಡಿಂಬೇಶ್ವರ ದೇವಾಲಯದಲ್ಲಿ ಆ ರಕ್ಕಸನದೆನ್ನುವ ಹಲ್ಲನ್ನೂ, ಭೀಮನ ಭೇರಿಯೆನ್ನುವ, ಸುಮಾರು 6 ಅಡಿ ಎತ್ತರದ, 10 ಅಡಿ ಸುತ್ತಳತೆಯ ಕಬ್ಬಿಣದ ತಗಡಿನ ಪಾತ್ರವನ್ನೂ ತೋರಿಸುತ್ತಾರೆ. ಇದನ್ನು ಚರಿತ್ರೆಯೆಂದು ಯಾರೂ ಹೇಳುವುದಿಲ್ಲ. ಆದರೆ ತಮ್ಮ ಬೆಟ್ಟದ ಮೊದಲ ಕಥೆಯನ್ನು ಬಿಲ್ಲಿಗೂ ಕತ್ತಿಗೂ ಕೊಡದೆ ತೋಳಿಗೆ ಕೊಟ್ಟ ಜನರು, ತೋಳಿನ ವಿದ್ಯೆಯನ್ನು ಯಾವ ಸ್ಥಾನದಲ್ಲಿ ಇರಿಸಿದ್ದರೆಂಬುದನ್ನು ಊಹಿಸುವುದು ಕಷ್ಟವಲ್ಲ. ಏಳು ಸುತ್ತಿನ ಅದೇ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳು, ಎಣ್ಣೆಯ ಕೊಳಗಳು, ಟಂಕಸಾಲೆಗಳ ಜೊತೆಗೆ ಗರಡಿಮನೆಯೂ ಇದ್ದಿತು.

ಮಲ್ಲವಿದ್ಯೆಯು ಕನ್ನಡನಾಡಿನಲ್ಲಿ ಶಾಸ್ತ್ರದ ಪದವಿಯನ್ನು ಪಡೆದುದು ಇನ್ನೂ ಹಿಂದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಮೀಸಲಾದ ಪ್ರಕರಣವೇ ಇದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋಪಾಲ ಎಂದು ತರಗತಿಗಳಾಗಿ ವಿಂಗಡಿಸುವುದು, ಅವರಿಗೆ ಅರಮನೆಯಿಂದ ಆಹಾರವನ್ನು ಒದಗಿಸುವುದು, ಭಾರವೆತ್ತುವ ಶ್ರಮ, ನಡೆಯುವ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬವನ್ನೇರುವ ಶ್ರಮ ಎಂದು ಅಭ್ಯಾಸವನ್ನು ಬೇರೆಬೇರೆಯಾಗಿ ನಿಯಮಿಸುವುದು, ಕಣದಲ್ಲಿ ಶ್ರೀಕೃಷ್ಣನನ್ನು ಪ್ರತಿಷ್ಠಿಸುವುದು, ಇವೆಲ್ಲವನ್ನೂ ಆ ಅರಸನು ಸಾವಧಾನವಾಗಿ ವಿವರಿಸುತ್ತಾನೆ. ಇಲ್ಲಿ ಕಾಣುವ ಮಲ್ಲನು ಬಿಡುವಿನ ವೇಳೆಯಲ್ಲಿ ಬಲವನ್ನು ಪರೀಕ್ಷಿಸಿಕೊಳ್ಳುವ ರೈತನಲ್ಲ. ಹಗಲಿರುಳೂ ಅದೊಂದನ್ನೇ ಮಾಡಿ, ಅದರಿಂದಲೇ ಉಣ್ಣುವ ವೃತ್ತಿನಿರತ. ಆದುದರಿಂದ ವೃತ್ತಿಪರ ಕುಸ್ತಿಯೆಂಬುದು ಪಶ್ಚಿಮದಿಂದ ಬಂದ ನವೀನ ಕಲ್ಪನೆಯೆಂದು ತಿಳಿಯುವುದು ನಮ್ಮ ಚರಿತ್ರೆಗೆ ಮಾಡುವ ಅನ್ಯಾಯ.

ಈ ವೃತ್ತಿ ಎಷ್ಟು ಕಠೋರವಾಗಿದ್ದಿತೆಂಬುದನ್ನು ತಿಳಿಯಬೇಕಾದರೆ ವಿಜಯನಗರಕ್ಕೆ ಬಂದ ಪೋರ್ಚುಗೀಸರ ಮಾತನ್ನು ಕೇಳಬೇಕು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ರಾಜಧಾನಿಯನ್ನು ಕಂಡ ಡೊಮಿಂಗೋ ಪಾಯೆಸನು ರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಗಾಗುವುದಕ್ಕೆ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಸವರಿಕೊಂಡು, ಭಾರವನ್ನೆತ್ತಿ, ಕತ್ತಿಯನ್ನು ಬೀಸಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಬಂದ ಮೇಲೆ ತನ್ನ ಮಲ್ಲರಲ್ಲೊಬ್ಬನೊಡನೆ ಸೆಣಸಿ, ಆ ಬಳಿಕ ಕುದುರೆಯನ್ನೇರುತ್ತಿದ್ದನೆಂದು ಅವನು ಹೇಳುತ್ತಾನೆ. ಚಕ್ರವರ್ತಿಯ ಮೈಯನ್ನು ದಿನವೂ ಮುಟ್ಟಿ ಕೆಡಹಬಹುದಾದ ಅಧಿಕಾರ ಆ ಸಾಮ್ರಾಜ್ಯದಲ್ಲಿ ಮಲ್ಲನಿಗಲ್ಲದೆ ಇನ್ನಾರಿಗೆ ಇದ್ದೀತು! ಮಹಾನವಮಿಯ ಕುಸ್ತಿಯನ್ನು ವರ್ಣಿಸುವಾಗ ಮಾತ್ರ ಅವನ ಲೇಖನಿ ಬೆಚ್ಚುತ್ತದೆ. ಇದು ತನ್ನ ದೇಶದ ಕುಸ್ತಿಯಂತಲ್ಲವೆಂದೂ, ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖ ವಿಕಾರವಾಗುವ ಹೊಡೆತಗಳು ಇಲ್ಲಿ ಬೀಳುತ್ತವೆಂದೂ, ಮಾತು ನಿಂತುಹೋದವರನ್ನು ಸ್ನೇಹಿತರು ಹೊತ್ತೊಯ್ಯುತ್ತಾರೆಂದೂ ಬರೆಯುತ್ತಾನೆ. ಅದರ ಜೊತೆಗೇ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ಓದುಗರು ಅದನ್ನು ಹೆಚ್ಚಾಗಿ ಗಮನಿಸುವುದಿಲ್ಲ. ಈ ಮಲ್ಲರಿಗೆ ನಾಯಕರಿದ್ದರು, ನಿರ್ಣಾಯಕರಿದ್ದರು. ಸಮಬಲರನ್ನು ಸಮಬಲರ ಎದುರಿಗೆ ನಿಲ್ಲಿಸುವುದೂ, ಗೆದ್ದವನಿಗೆ ಸಲ್ಲತಕ್ಕ ಗೌರವವನ್ನು ಗೊತ್ತುಮಾಡುವುದೂ ಅವರ ಕೆಲಸವಾಗಿತ್ತು. ಇಂದಿಗೂ ಕುಸ್ತಿಗೆ ಮೊದಲು ಹಿರಿಯರು ಕುಳಿತು ಜೋಡಿ ಕಟ್ಟುವ ಪದ್ಧತಿಯನ್ನು ಬಲ್ಲವರಿಗೆ ಈ ಮಾತಿನ ಬೆಲೆ ತಿಳಿಯುತ್ತದೆ.

ಅಚ್ಯುತರಾಯನ ಕಾಲದವನಾದ ಫೆರ್ನಾವ್ ನೂನಿಜನ ಬರಹ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಉತ್ಸವಕ್ಕಾಗಿ ರಾಯನ ಬಳಿ 1,000 ಮಂದಿ ಮಲ್ಲರಿದ್ದರೆಂದೂ, ರಾಜ್ಯದಲ್ಲಿ ಅವರಿಗೆ ಬೇರೆ ಯಾವ ಊಳಿಗವೂ ಇರಲಿಲ್ಲವೆಂದೂ, ಅವರು ಕೈಯಲ್ಲಿ ಮೊನೆಗಳುಳ್ಳ ಬಳೆಗಳನ್ನು ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರೆಂದೂ, ಹೆಚ್ಚು ಗಾಯಗೊಂಡವನೇ ಹೋಗಿ ರೇಷ್ಮೆಯ ವಸ್ತ್ರವನ್ನು ಉಡುಗೊರೆಯಾಗಿ ಪಡೆಯುತ್ತಿದ್ದನೆಂದೂ ಅವನು ತಿಳಿಸುತ್ತಾನೆ. ನಾನು ಈ ವಾಕ್ಯವನ್ನು ಓದಿದಾಗಲೆಲ್ಲ ಆ ವಸ್ತ್ರವನ್ನು ಹೊದ್ದವನ ಮನೆಯನ್ನು ಕುರಿತು ಯೋಚಿಸುತ್ತೇನೆ. ಗೆಲುವಿಗಿಂತಲೂ ಗಾಯಕ್ಕೆ ಬಹುಮಾನ ಸಲ್ಲುತ್ತಿದ್ದುದು ಕ್ರೌರ್ಯವೋ, ನೊಂದವನನ್ನು ಬರಿಗೈಯಲ್ಲಿ ಕಳುಹಬಾರದೆಂಬ ಕನಿಕರವೋ? ಎರಡೂ ಇರಬಹುದು, ಆದರೆ ಗಾಯಗೊಳ್ಳುವುದು ಈ ವೃತ್ತಿಯಲ್ಲಿ ಆಕಸ್ಮಿಕವಲ್ಲ, ವೃತ್ತಿಯ ಅಂಗವೇ ಎಂಬುದನ್ನು ಅರಮನೆ ಒಪ್ಪಿಕೊಂಡಿತ್ತೆಂಬುದು ನಿಶ್ಚಯ.

ವಿಜಯನಗರದ ಪ್ರಭುತ್ವ ಕುಗ್ಗಿದ ಮೇಲೆ ಅದರ ಆಚಾರಗಳನ್ನು ಪಾಳೆಯಗಾರರೂ ಮೈಸೂರಿನ ಒಡೆಯರೂ ಹಂಚಿಕೊಂಡರು. 1568ರಲ್ಲಿ ಮತ್ತಿ ತಿಮ್ಮಣ್ಣನಾಯಕನಿಂದ ಆರಂಭವಾದ ದುರ್ಗದ ನಾಯಕವಂಶವು ಎರಡು ಶತಮಾನಗಳಿಗೂ ಮಿಕ್ಕಿ ಬಾಳಿದುದು ಬೇಡ ಕಾಲಾಳುಗಳ ದೇಹಬಲದ ಮೇಲೆ. 1779ರಲ್ಲಿ ಹೈದರಲಿಯು ಕೋಟೆಯನ್ನು ವಶಪಡಿಸಿಕೊಂಡು ಕೊನೆಯ ಮದಕರಿನಾಯಕನನ್ನು ಸೆರೆಹಿಡಿದಾಗ, ದುರ್ಗದ ಸೀಮೆಯ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದನೆಂದೂ, ಅವರಲ್ಲಿನ ಬಾಲಕರನ್ನು ಚೇಲಾ ಪಡೆಗಳಿಗೆ ಸೇರಿಸಿದನೆಂದೂ ಇಂಗ್ಲಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಬರೆಯುತ್ತಾನೆ. ಕೋಟೆ ಬಿದ್ದುದನ್ನು ಎಲ್ಲರೂ ದುಃಖದಿಂದ ಸ್ಮರಿಸುತ್ತಾರೆ, ತ.ರಾ.ಸು. ‘ದುರ್ಗಾಸ್ತಮಾನ’ ಕಾದಂಬರಿಯ ಮೂಲಕ ಆ ದುಃಖವನ್ನು ಕನ್ನಡಿಗರೆಲ್ಲರದಾಗಿ ಮಾಡಿದರು. ಒಂದು ಸೀಮೆಯ ತರುಣರೇ ಹೊರಟುಹೋದರೆ ಅಲ್ಲಿನ ಗರಡಿಗಳಲ್ಲಿ ಕಲಿಯುವವರು ಯಾರು, ಕಲಿಸುವವರು ಯಾರು ಎಂಬ ಪ್ರಶ್ನೆಯೂ ಆ ದುಃಖದಲ್ಲಿ ಸೇರಬೇಕು. ಕಲ್ಲಿನ ಕೋಟೆಗಿಂತ ಗುರುಶಿಷ್ಯಪರಂಪರೆಯನ್ನು ಮರಳಿ ಕಟ್ಟುವುದು ಕಷ್ಟ.

ಮೈಸೂರಿನಲ್ಲಿ ಮಲ್ಲವೃತ್ತಿಗೆ ದೊರೆತ ಆಶ್ರಯ ದೀರ್ಘಕಾಲದ್ದು. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು, ತಿರುಚಿರಾಪಳ್ಳಿಯಲ್ಲಿ ಕೋಟೆಯ ಬಾಗಿಲಿಗೆ ಚಲ್ಲಣವನ್ನು ತೂಗುಹಾಕಿ ಸವಾಲೆಸೆದಿದ್ದ ಜಟ್ಟಿಯನ್ನು ವೇಷಮರೆಸಿಕೊಂಡು ಹೋಗಿ ಸೋಲಿಸಿದ ಕಥೆ ನಾಡಿಗೆಲ್ಲ ತಿಳಿದುದು. ಅರಮನೆಯ ಜಟ್ಟಿಗಳ ಮೂಲ ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರಲ್ಲಿದೆ; ಶ್ರೀಕೃಷ್ಣನೇ ತಮ್ಮ ಪೂರ್ವಿಕರಿಗೆ ಈ ವಿದ್ಯೆಯನ್ನು ಉಪದೇಶಿಸಿದನೆಂದು ಹೇಳುವ ‘ಮಲ್ಲಪುರಾಣ’ ಆ ಕುಲದ ಗ್ರಂಥ, ನಿಂಬಜಾದೇವಿ ಅವರ ಕುಲದೈವ. ಈ ವೃತ್ತಿಯ ಚರಿತ್ರೆಯಲ್ಲಿ ಕರಾಳವಾದ ಪುಟಗಳೂ ಇಲ್ಲದಿಲ್ಲ: ಶ್ರೀರಂಗಪಟ್ಟಣದಲ್ಲಿ ಮರಣದಂಡನೆಗೆ ಗುರಿಯಾದವರ ಕುತ್ತಿಗೆಯನ್ನು ತಿರುಚುವ ಕೆಲಸವನ್ನು ಜಟ್ಟಿಗಳಿಗೆ ವಹಿಸುತ್ತಿದ್ದರೆಂದು ಆ ಕಾಲದ ಇಂಗ್ಲಿಷ್ ಬರಹಗಳು ಹೇಳುತ್ತವೆ. ಬಲವನ್ನು ಸಾಕಿದವನು ಆ ಬಲವನ್ನು ಎಲ್ಲಿಗೆ ಬೇಕಾದರೂ ಕಳುಹಬಲ್ಲನೆಂಬುದು ರಾಜಾಶ್ರಯದ ಇನ್ನೊಂದು ಮುಖ.

ಟೀಪೂವಿನ ಪತನಾನಂತರ ಮೈಸೂರಿನ ಆಸ್ಥಾನದಲ್ಲಿ ಇಂಗ್ಲಿಷರ ಪ್ರತಿನಿಧಿಯಾಗಿದ್ದ ಅದೇ ವಿಲ್ಕ್ಸನು ದಸರೆಯ ಜಟ್ಟಿಕಾಳಗವನ್ನು ಕಣ್ಣಾರೆ ಕಂಡು, 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ತಲೆಯನ್ನು ನುಣ್ಣಗೆ ಬೋಳಿಸಿಕೊಂಡು, ತೊಡೆಯ ಅರ್ಧದವರೆಗೆ ಬರುವ ಕಿತ್ತಳೆಯ ಬಣ್ಣದ ಚಲ್ಲಣವೊಂದನ್ನೇ ಧರಿಸಿ, ಬಲಗೈಯ ಬೆರಳುಗಳ ಗೆಣ್ಣಿಗೆ ಎಮ್ಮೆಯ ಕೊಂಬಿನಿಂದ ಮಾಡಿದ ನಾಲ್ಕು ಮೊನೆಗಳ ಆಯುಧವನ್ನು ತೊಟ್ಟು ಜಟ್ಟಿಗಳು ಕಣಕ್ಕಿಳಿಯುತ್ತಿದ್ದರು. ಅದೇ ವಜ್ರಮುಷ್ಟಿ. ಹೊಡೆತವೂ ಉಂಟು, ಹಿಡಿತವೂ ಉಂಟು. ಎರಡನ್ನೂ ಏಕಕಾಲದಲ್ಲಿ ನಿಭಾಯಿಸಬೇಕಾದುದು ಈ ಕಾಳಗದ ವೈಶಿಷ್ಟ್ಯ. ಸಿಂಹಾಸನದಲ್ಲಿ ಕುಳಿತ ಅರಸನು ಸಂಜ್ಞೆ ಮಾಡಿದ ಒಡನೆಯೇ ಕಾಳಗ ನಿಲ್ಲುತ್ತಿತ್ತು. ಗೆದ್ದವರೂ ಸೋತವರೂ ಕೂಡಲೇ ಕಣವನ್ನು ಬಿಟ್ಟು ಹೊರಡುತ್ತಿದ್ದರು. ಗೆದ್ದವರಲ್ಲಿ ಕೆಲವರು ತಾವಿನ್ನೂ ದಣಿದಿಲ್ಲವೆಂದು ತೋರಿಸುವುದಕ್ಕಾಗಿ ನಾಲ್ಕೈದು ಬಾರಿ ಲಾಗಹಾಕುತ್ತ ಹೋಗುತ್ತಿದ್ದರು. ನೆತ್ತರು ಸುರಿಯುವ ತಲೆಯನ್ನು ಹೊತ್ತು ಲಾಗಹಾಕುವ ಆ ಮನುಷ್ಯನಲ್ಲಿ ನನಗೆ ಕಾಣುವುದು ಒಣಜಂಬವಲ್ಲ. ನಾಳೆಯ ಅನ್ನ ಇಂದಿನ ದಾರ್ಢ್ಯದ ಪ್ರದರ್ಶನವನ್ನು ಅವಲಂಬಿಸಿದೆಯೆಂಬ ವೃತ್ತಿಯ ಪರಿಜ್ಞಾನ.

ವಜ್ರಮುಷ್ಟಿ ಇಂದಿಗೂ ನಿಂತಿಲ್ಲ. ವಿಜಯದಶಮಿಯ ದಿನ ಮೈಸೂರು ಅರಮನೆಯ ಅಂಗಳದಲ್ಲಿ, ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳಿಂದ ಬಂದ ಜಟ್ಟಿಗಳು ಜೋಡಿಯಾಗಿ ಸೆಣಸುತ್ತಾರೆ. ಯಾರ ತಲೆಯಿಂದಾದರೂ ಮೊದಲ ತೊಟ್ಟು ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಹಲವೊಮ್ಮೆ ಅದಕ್ಕೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ನೂನಿಜನು ಕಂಡ ಕಾಳಗದಲ್ಲಿ ಗಾಯ ಬಹುಮಾನಕ್ಕೆ ಕಾರಣವಾಗಿತ್ತು. ವಿಲ್ಕ್ಸನು ಕಂಡುದರಲ್ಲಿ ಅರಸನ ಸಂಜ್ಞೆ ಗಾಯಕ್ಕೆ ಎಲ್ಲೆಯಾಗಿತ್ತು. ಇಂದು ಗಾಯವೇ ತನ್ನ ಎಲ್ಲೆಯಾಗಿದೆ. ಹೀಗೆ ಸುಮಾರು ಐದು ಶತಮಾನಗಳ ಅವಧಿಯಲ್ಲಿ ಒಂದು ಕಠೋರ ವಿದ್ಯೆಯು ತನ್ನ ಶೌರ್ಯವನ್ನು ಬಿಟ್ಟುಕೊಡದೆ ಕ್ರೌರ್ಯವನ್ನು ಮಾತ್ರ ಒಂದು ತೊಟ್ಟಿಗೆ ಇಳಿಸಿಕೊಂಡಿತು. ಇದನ್ನು ಬರಿಯ ಅವನತಿಯೆಂದು ಕರೆಯುವವರೊಡನೆ ನಾನು ಒಪ್ಪಲಾರೆ.

ಇಷ್ಟೇ ಅಲ್ಲ, ಮೂಳೆ ಮುರಿಯುವ ಬಗೆಯನ್ನು ಬಲ್ಲವರೇ ಮೂಳೆ ಕೂಡಿಸುವ ಬಗೆಯನ್ನೂ ಬಲ್ಲವರಾದರು. ಕೀಲು ತಪ್ಪಿದ ಭುಜವನ್ನು ಸರಿಪಡಿಸುವುದಕ್ಕೆ, ಉಳುಕಿದ ಕಾಲನ್ನು ನೀವುವುದಕ್ಕೆ ಜನರು ಜಟ್ಟಿಯ ಮನೆಯನ್ನು ಹುಡುಕಿಕೊಂಡು ಹೋಗುತ್ತಿದ್ದರು. ಕಣದಲ್ಲಿ ಜಟ್ಟಿಯ ಆಯುಷ್ಯ ಯೌವನದಷ್ಟೇ ಚಿಕ್ಕದು. ಊರಿನಲ್ಲಿ ಅವನ ಉಪಯೋಗ ಮುಪ್ಪಿನವರೆಗೂ ಮುಂದುವರಿಯುತ್ತಿತ್ತು.

ಸಾಗರದಾಚೆಯಲ್ಲಿ ಇದಕ್ಕೆ ವಿರುದ್ಧವಾದ ಚಲನೆಯನ್ನು ಕಾಣುತ್ತೇವೆ. ಅಮೆರಿಕದ ವೃತ್ತಿಪರ ಕುಸ್ತಿಯು ಕ್ರಮೇಣ ಪೂರ್ವನಿಶ್ಚಿತವಾದ ಪ್ರದರ್ಶನವಾಗಿ ಮಾರ್ಪಟ್ಟು, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಹಾರ್ಡ್‌ಕೋರ್ ಎಂಬ ಒಂದು ಶಾಖೆಯನ್ನು ಬೆಳೆಸಿತು. ಕುರ್ಚಿ, ಮೇಜು, ಮುಳ್ಳುತಂತಿಗಳೆಲ್ಲ ಅಲ್ಲಿ ಆಯುಧಗಳು. ಮಿಕ್ ಫೋಲಿ ಎಂಬ ಮಲ್ಲನನ್ನು 1998ರ ಜೂನ್ 28ರಂದು ಪಿಟ್ಸ್‌ಬರ್ಗ್ ನಗರದಲ್ಲಿ ಸುಮಾರು 16 ಅಡಿ ಎತ್ತರದ ಪಂಜರದ ಮೇಲಿನಿಂದ ಎದುರಾಳಿಯು ಕೆಳಗೆಸೆದುದನ್ನು ಲಕ್ಷಾಂತರ ಜನ ನೋಡಿದರು. ಗೆಲ್ಲುವವರು ಯಾರೆಂಬುದು ಮೊದಲೇ ಗೊತ್ತಾಗಿದ್ದರೂ ಬಿದ್ದ ನೋವು ಸುಳ್ಳಲ್ಲ. ಅಲ್ಲಿ ರಕ್ತದಿಂದ ಆಟಕ್ಕೆ ರಂಗೇರುತ್ತದೆ. ಮೈಸೂರಿನಲ್ಲಿ ರಕ್ತದಿಂದ ಕಾಳಗ ನಿಲ್ಲುತ್ತದೆ. ಆದರೆ ಫೋಲಿಗೆ ದೊರೆತ ಒಂದು ಭಾಗ್ಯ ನಮ್ಮ ಜಟ್ಟಿಗೆ ದೊರೆಯಲಿಲ್ಲ. 1999ರಲ್ಲಿ ಅವನು ತನ್ನ ವೃತ್ತಿಜೀವನದ ಕಥೆಯನ್ನು ತಾನೇ ಬರೆದು ಪ್ರಕಟಿಸಿದನು; ಲೋಕ ಅದನ್ನು ಆಸಕ್ತಿಯಿಂದ ಓದಿತು. ನಾನು ಈವರೆಗೆ ಉದ್ಧರಿಸಿದ ಸಾಕ್ಷ್ಯಗಳನ್ನು ನೋಡಿರಿ: ಒಂದು ಚಕ್ರವರ್ತಿಯದು, ಎರಡು ಪೋರ್ಚುಗೀಸರವು, ಒಂದು ಇಂಗ್ಲಿಷ್ ಅಧಿಕಾರಿಯದು. ಹೊಡೆತ ತಿಂದವನದು ಒಂದೂ ಅಲ್ಲ.

ಅರಮನೆಯ ಹೊರಗೆ, ಹಳ್ಳಿ ಪೇಟೆಗಳಲ್ಲಿ ಈ ವಿದ್ಯೆ ಬಾಳಿದುದು ಗರಡಿಮನೆಗಳಲ್ಲಿ. ತಲೆ ತಗ್ಗಿಸಿಯೇ ಒಳಹೊಗಬೇಕಾದ ಗಿಡ್ಡ ಬಾಗಿಲು, ಗಾಳಿ ಬೆಳಕು ಮಿತವಾಗಿರುವಂತೆ ಕಟ್ಟಿದ ಗೋಡೆ, ಗೋಡೆಯ ಮೇಲೆ ಆಂಜನೇಯ, ಮೂಲೆಯಲ್ಲಿ ಗದೆ, ಕಲ್ಲುಗುಂಡು, ಮರದ ಕೊಂತಗಳು, ನಡುವೆ ಮಟ್ಟಿ. ಆ ಮಟ್ಟಿಯ ಮಣ್ಣು ಸಾಮಾನ್ಯವಾದ ಮಣ್ಣಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ, ಬೇವು, ಕರ್ಪೂರಗಳನ್ನು ಬೆರೆಸಿ, ದಿನವೂ ಅಗೆದು ಹದಮಾಡಿ, ಪೂಜಿಸಿದ ಮೇಲೆಯೇ ಅದರೊಳಗೆ ಕಾಲಿಡಬೇಕು. ಉಸ್ತಾದನ ಮುಂದೆ ಜಾತಿಮತಗಳ ಅಂತರ ಬಹುಮಟ್ಟಿಗೆ ಅಳಿಯುತ್ತಿತ್ತು. ಒಂದೇ ಮಣ್ಣನ್ನು ಮೈಗೆ ಮೆತ್ತಿಕೊಂಡ ಹಿಂದೂ ಮುಸಲ್ಮಾನ ಹುಡುಗರು ಒಬ್ಬನೇ ಗುರುವಿನಿಂದ ಒಂದೇ ಪಟ್ಟನ್ನು ಕಲಿತರು. ನಸುಕಿನಲ್ಲಿ ದಂಡ, ಬಸ್ಕಿ, ಅನಂತರ ಜೋಡಿಯೊಡನೆ ಸಾಮು, ಆಮೇಲೆ ಹಾಲು, ತುಪ್ಪ, ಬಾದಾಮಿ. ಬಡವನ ಮನೆಯಲ್ಲಿ ರಾಗಿಮುದ್ದೆಯ ಜೊತೆಗೆ ಸಿಕ್ಕಷ್ಟು ಹಾಲು. ಒಬ್ಬ ಮಗನನ್ನು ಪೈಲ್ವಾನನಾಗಿ ಬೆಳೆಸುವುದೆಂದರೆ ಇಡೀ ಮನೆಯವರು ತಮ್ಮ ತುತ್ತಿನಲ್ಲಿ ಪಾಲು ಕೊಡುವುದೇ ಆಗಿತ್ತು. ತಿಕ್ಕಾಟದಲ್ಲಿ ಜಜ್ಜಿ ಮುದುಡಿದ ಕಿವಿ ಅವನ ಜೀವಮಾನದ ಗುರುತಾಗಿ ಉಳಿಯುತ್ತಿತ್ತು.

ದುರ್ಗದ ಸೀಮೆಯಲ್ಲಿ ಈ ಸಾಧನೆಯ ಫಲವನ್ನು ಕಾಣುವ ಸ್ಥಳ ಜಾತ್ರೆಯ ಬಯಲು. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಲ್ಲಿ, ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ, ಚಿತ್ರದುರ್ಗದ ಮುರುಘಾಮಠದ ಶರಣಸಂಸ್ಕೃತಿ ಉತ್ಸವದಲ್ಲಿ ನಡೆಯುವ ಬಯಲು ಜಂಗೀಕುಸ್ತಿಗೆ ಸುತ್ತಣ ಊರುಗಳ ಜನ ಗಾಡಿಕಟ್ಟಿಕೊಂಡು ಬಂದ ಕಾಲವಿತ್ತು. ಈಗ ಬಸ್ಸು, ಟ್ರಾಕ್ಟರುಗಳಲ್ಲಿ ಬರುತ್ತಾರೆ. ತಮಟೆಯ ಸದ್ದಿನ ನಡುವೆ ಹುಡುಗರ ಕುಸ್ತಿ ಮೊದಲು, ಹೆಸರಾಂತ ಪೈಲ್ವಾನರ ಕುಸ್ತಿ ಕೊನೆಗೆ. ಚಿಕ್ಕವರಿಗೆ ಅಲ್ಪ ಕಾಣಿಕೆ, ದೊಡ್ಡವರಿಗೆ ನಗದು, ಬೆಳ್ಳಿಯ ಕಡಗ ಅಥವಾ ಗದೆ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿ ಅವನು ಚಿತ್ ಆಗಬೇಕು. ಅಂಕಗಳ ಲೆಕ್ಕ ಇಲ್ಲಿಲ್ಲ. ಮೈಸೂರು ದಸರೆಯಲ್ಲಿ ದಸರಾ ಕೇಸರಿ, ದಸರಾ ಕುಮಾರ ಬಿರುದುಗಳ ಜೊತೆಗೆ ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಪ್ರಶಸ್ತಿಯೂ ಸೇರಿರುವುದು ನಮ್ಮ ಕಾಲದ ಒಳ್ಳೆಯ ಬೆಳವಣಿಗೆ.

ಆದರೆ ಜಾತ್ರೆಯಿಂದ ಜಾತ್ರೆಗೆ ಅಲೆದು ಸಂಸಾರ ನಡೆಯುವುದಿಲ್ಲ. ರಾಜಾಶ್ರಯ ಅಳಿದ ಮೇಲೆ ಮಲ್ಲನ ಗತಿ ಏನಾಯಿತೆಂಬುದಕ್ಕೆ ಭಾರತದ ಅತ್ಯಂತ ಪ್ರಸಿದ್ಧ ಪೈಲ್ವಾನನೇ ಉದಾಹರಣೆ. 1910ರಲ್ಲಿ ಲಂಡನ್ನಿನಲ್ಲಿ ಜಗತ್ತನ್ನು ಬೆರಗುಗೊಳಿಸಿದ, ಪಟಿಯಾಲದ ಮಹಾರಾಜರ ಆಶ್ರಯದಲ್ಲಿ ಮೆರೆದ ಗಾಮಾ, 1960ರಲ್ಲಿ ಲಾಹೋರಿನಲ್ಲಿ ಬಡತನದ ನಡುವೆ ಕಣ್ಮುಚ್ಚಿದನು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಗೆದ್ದು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕವನ್ನು ತಂದ ಖಾಶಾಬಾ ಜಾಧವರು ಕೊಲ್ಹಾಪುರದಲ್ಲಿ ಪಳಗಿದವರು. 1912ರಲ್ಲಿ ಶಾಹು ಮಹಾರಾಜರು ಖಾಸಬಾಗ್ ಕುಸ್ತಿ ಮೈದಾನವನ್ನು ಕಟ್ಟಿಸಿದ ಆ ಊರಿನ ತಾಲೀಮುಗಳಿಗೆ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಡೆಯ ಕನ್ನಡದ ಹುಡುಗರೂ ಹೋಗಿ ಕಲಿತರು. ಜಾಧವರ ಹೊಟ್ಟೆಪಾಡಿಗೆ ಒದಗಿದುದು 1955ರಲ್ಲಿ ಸೇರಿದ ಪೊಲೀಸ್ ಇಲಾಖೆಯ ಸಬ್‌ಇನ್ಸ್‌ಪೆಕ್ಟರ್ ಹುದ್ದೆ. 1984ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡರು; ಅರ್ಜುನ ಪ್ರಶಸ್ತಿ ಅವರಿಗೆ ಬಂದುದು ಅದಾಗಿ ಎಷ್ಟೋ ವರ್ಷಗಳಾದ ಮೇಲೆ. ನಮ್ಮಲ್ಲಿಯೂ ಗರಡಿಯ ಹುಡುಗನಿಗೆ ಸ್ಥಿರವಾದ ಅನ್ನದ ದಾರಿಯೆಂದರೆ ಪೊಲೀಸ್, ಸೈನ್ಯ, ರೈಲ್ವೆಗಳ ನೌಕರಿಯೇ ಆಯಿತು. ದಾವಣಗೆರೆಯ ಕ್ರೀಡಾನಿಲಯದಲ್ಲಿ ಮ್ಯಾಟಿನ ಮೇಲೆ ಅಭ್ಯಾಸ ಮಾಡುವ ಬಾಲಕನ ಆಶೆಯೂ ಐಮಂಗಲದ ಕವಾಯತಿನ ಮೈದಾನದಲ್ಲಿ ಓಡುವ ತರುಣನ ಆಶೆಯೂ ಬೇರೆಯಲ್ಲ. ವಿಜಯನಗರದ ರಾಯನು ತನ್ನ ಮಲ್ಲರಿಗೆ ಕೊಟ್ಟಿದ್ದ ನಿಶ್ಚಿಂತೆಯನ್ನು ಈಗಿನ ಪ್ರಭುತ್ವದಿಂದ ಅವರು ಕೇಳುತ್ತಿದ್ದಾರೆ. ಅದು ದಾನವಲ್ಲ, ಹಕ್ಕು.

ಇದರ ಜೊತೆಗೆ ಇನ್ನೊಂದು ಋಣವಿದೆ. ಕಣದಲ್ಲಿ ನಿಂತವನ ಮಾತು ಬರಹಕ್ಕಿಳಿಯದಿದ್ದರೆ ಮುಂದಿನವರು ಈ ವೃತ್ತಿಯನ್ನು ಮತ್ತೆ ಅರಸರ ಬಾಯಿಂದಲೇ, ಪರದೇಶಿಗಳ ಬಾಯಿಂದಲೇ ಕೇಳಬೇಕಾಗುತ್ತದೆ. ದುರ್ಗದ ಸೀಮೆಯಲ್ಲಿ ಎಪ್ಪತ್ತು ಎಂಬತ್ತು ದಾಟಿದ ಪೈಲ್ವಾನರು ಇನ್ನೂ ಇದ್ದಾರೆ. ತಮಗೆ ಕಲಿಸಿದ ಉಸ್ತಾದನ ಹೆಸರು, ಅವನ ಗುರುವಿನ ಹೆಸರು, ಯಾವ ಜಾತ್ರೆಯಲ್ಲಿ ಯಾರನ್ನು ಯಾವ ಪಟ್ಟಿನಿಂದ ಕೆಡವಿದರೆಂಬುದು, ಯಾವ ಪೆಟ್ಟಿನಿಂದ ಕಣವನ್ನು ಬಿಟ್ಟರೆಂಬುದು ಅವರ ನೆನಪಿನಲ್ಲಿದೆ. ಗೋಡೆಗೆ ತೂಗುಹಾಕಿದ ಹಳೆಯ ಭಾವಚಿತ್ರಗಳು, ಪೆಟ್ಟಿಗೆಯ ತಳದ ಕುಸ್ತಿಯ ಕರಪತ್ರಗಳು ಅವರ ಮನೆಗಳಲ್ಲಿವೆ. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗಗಳ ಶಾಲಾ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರಿನ ಗರಡಿಗೆ ಹೋಗಿ, ಆ ಹಿರಿಯರ ಎದುರು ಕುಳಿತು, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕೆಂದು ನಾನು ಬೇಡಿಕೊಳ್ಳುತ್ತೇನೆ. ಈ ಕೆಲಸವನ್ನು ಮುಂದಿನ ಜಾತ್ರೆಗೆ ಮೊದಲೇ ಆರಂಭಿಸಿರಿ.